ನೂರಾ ಎಂಬತ್ತಾರು ಮಿಲಿಸೆಕೆಂಡ್

೨೦೨೪ರ ಜೂನ್. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮ ಮನೆಯ ಮಹಡಿಯ ಕೋಣೆಯೊಂದನ್ನು ಸ್ಟುಡಿಯೋ ಮಾಡಿಕೊಂಡು ನನಗೆ ಎರಡು ವರ್ಷವಾಗಿತ್ತು. ಯಾವ ಕೇಬಲ್ ಎಲ್ಲಿಗೆ, ಎಷ್ಟು ಟೇಕ್, ಏನು ಕೆಟ್ಟಿತು, ಯಾರಿಂದ ಕೆಟ್ಟಿತು ಎಂದು ದಿನವೂ ಬರೆದಿಡುವುದು ನನ್ನ ಅಭ್ಯಾಸ. ಇದು ನಲವತ್ತೊಂದನೆಯ ಕೆಲಸ.

ಹರಿಹರದ ಭಜನಾ ತಂಡವೊಂದು ಆರು ಹಾಡುಗಳ ಮುದ್ರಣಕ್ಕೆ ಬಂದಿತ್ತು. ತಂಡದ ಯಜಮಾನ ರೇಣುಕಪ್ಪನವರಿಗೆ ಅಲ್ಲಿ ಕಬ್ಬಿಣದ ಅಂಗಡಿ. ಡೋಲಕ್ ನುಡಿಸುವವರು ನಂದಿಗುಡಿಯ ಹನುಮಂತಪ್ಪ, ವಯಸ್ಸು ಅರವತ್ತೆರಡು. ಮೂವತ್ತೈದು ವರ್ಷದಿಂದ ತಂಡದ ತಾಳ ಅವರದೇ. ಡೋಲಕ್ ಸದ್ದನ್ನು ಆಮೇಲೆ ಆರಿಸಿಕೊಳ್ಳಬಹುದೆಂದು ನಾನು ಅವರಿಗೆ ರಬ್ಬರ್ ಪ್ಯಾಡ್ ಕೊಟ್ಟೆ. ಅದು ಸದ್ದನ್ನಲ್ಲ, ಹೊಡೆತ ಯಾವಾಗ ಬಿತ್ತು, ಎಷ್ಟು ಜೋರಾಗಿ ಬಿತ್ತು ಎಂಬ ಸಂದೇಶವನ್ನಷ್ಟೇ ಕಂಪ್ಯೂಟರಿಗೆ ಕಳಿಸುತ್ತದೆ. ಆ ಸಂದೇಶದ ಭಾಷೆಗೆ ಮಿಡಿ ಎಂದು ಹೆಸರು.

"ಮಿಡಿ ಅಂದ್ರ ಉಪ್ಪಿನಕಾಯಿ ಹಾಕೋದೇನವ್ವಾ?" ಎಂದು ಹನುಮಂತಪ್ಪ ನಕ್ಕರು.

ಮೊದಲ ದಿನ ಲಯದ ಟಿಕ್ ಟಿಕ್ ಸದ್ದನ್ನು, ಅಂದರೆ ಕ್ಲಿಕ್ಕನ್ನು, ಸ್ಪೀಕರಿನಲ್ಲಿ ಕೇಳಿಸಿದೆ. ಒಂದು ಹಾಡು ಸರಿಯಾಗಿ ಬಂತು, ಆದರೆ ಗಾಯಕರ ಮೈಕಿಗೂ ಟಿಕ್ ಟಿಕ್ ಸೇರಿತು. ಎರಡನೆಯ ದಿನ ಎಲ್ಲರಿಗೂ ಹೆಡ್‌ಫೋನ್ ಕೊಟ್ಟೆ. ಹನುಮಂತಪ್ಪನವರ ರುಮಾಲಿನ ಮೇಲೆ ಅದು ಕೂರಲಿಲ್ಲ.

"ರುಮಾಲು ಇಳಿಸಿ ಭಜನಿ ಮಾಡೋ ಪದ್ಧತಿ ನಮ್ಮಲ್ಲಿಲ್ಲ. ಬೇಕಾದ್ರ ಪ್ಯಾಡ್ ಬಿಡ್ತೀನಿ, ಇದನ್ನ ಬಿಡಂಗಿಲ್ಲ," ಎಂದರು. ನನಗೆ ಅದು ಸರಿ ಎನಿಸಿತು. ನನ್ನದೇ ಬ್ಲೂಟೂತ್ ನೆಕ್‌ಬ್ಯಾಂಡ್ ಅವರ ಕೊರಳಿಗೆ ಹಾಕಿ, ಅದರ ತುದಿಗಳನ್ನು ಕಿವಿಗೆ ಸಿಕ್ಕಿಸಿದೆ.

ಆಮೇಲೆ ಅವರು ನುಡಿಸಿದ್ದೆಲ್ಲ ಲಯಕ್ಕಿಂತ ಹಿಂದೆ ಬಿತ್ತು. ಎರಡು ದಿನ, ಹತ್ತೊಂಬತ್ತು ಟೇಕ್, ಒಂದೂ ಕೂಡಲಿಲ್ಲ. ನನ್ನ ಪುಟದಲ್ಲಿ ‘ಯಾರಿಂದ’ ಎಂಬಲ್ಲಿ ಹನುಮಂತಪ್ಪ ಎಂದು ಬರೆದಿದ್ದೆ. ಮೂರನೆಯ ದಿನ ಸಂಜೆ ರೇಣುಕಪ್ಪ ಎಲ್ಲರ ಎದುರಿಗೇ ಹೇಳಿಬಿಟ್ಟರು: "ಹಣಮಣ್ಣನ ಕೈ ಸೋತೈತಿ ಬಿಡ್ರಿ. ನಾಳೆ ಆರ್ಕೆಸ್ಟ್ರಾದ ಹುಡುಗರ್ನ ಕರಸ್ತೀನಿ. ಇನ್ಮುಂದ ತಂಡಕ್ಕೂ ಅವರ ಇರ್ಲಿ."

ಹನುಮಂತಪ್ಪ ತಮ್ಮ ಅಂಗೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತರು.

"ನಾಳೆ ಮಧ್ಯಾಹ್ನದವರೆಗೂ ಯಾರನ್ನೂ ಕರೀಬ್ಯಾಡ್ರಿ," ಎಂದೆ.

"ಯಾಕ ಮೇಡಂ, ಕಿವಿ ಕೇಳಂಗಿಲ್ಲೇನು ನಿಮಗ?"

"ಕೇಳತೈತಿ. ಲೆಕ್ಕ ಹಾಕಿಲ್ಲ ಇನ್ನೂ."

ಮರುದಿನ ಬೆಳಿಗ್ಗೆ ಒಂದು ಟೇಕ್ ತೆರೆದು ಅರವತ್ತನಾಲ್ಕು ಹೊಡೆತಗಳನ್ನು ಒಂದೊಂದಾಗಿ ಅಳೆದೆ. ಅತಿ ಕಡಿಮೆ ತಡ ೧೭೮ ಮಿಲಿಸೆಕೆಂಡ್, ಅತಿ ಹೆಚ್ಚು ೧೯೩. ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ. ಸೋತ ಕೈ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬೀಳುತ್ತದೆ. ಅರವತ್ತನಾಲ್ಕು ಸಲವೂ ಹೀಗೆ ಒಂದೇ ಅಳತೆಯಲ್ಲಿ ತಡವಾಗಲು ಅದಕ್ಕೆ ಸಾಧ್ಯವಿಲ್ಲ.

ಹಾಗಾದರೆ ತಡ ಯಂತ್ರದ್ದು. ಮಿಡಿ ಕೇಬಲ್ಲಿನ ಒಂದು ತುದಿಯಿಂದ ಸಂದೇಶ ಕಳಿಸಿ ಇನ್ನೊಂದರಲ್ಲಿ ವಾಪಸು ಪಡೆದೆ: ಐದೇ ಮಿಲಿಸೆಕೆಂಡ್. ಪ್ಯಾಡ್ ಬದಲಿಸಿದೆ, ವ್ಯತ್ಯಾಸವಿಲ್ಲ. ಹನ್ನೊಂದು ಗಂಟೆಗೆ ಹನುಮಂತಪ್ಪ ಬಂದಾಗ ನನಗೆ ದಾರಿ ಮುಗಿದಿತ್ತು.

"ನುಡಿಸುವಾಗ ಏನು ಮಾಡ್ತೀರಿ, ಒಂದೊಂದೇ ಹೇಳ್ರಿ," ಎಂದೆ.

"ಏನಿಲ್ಲವ್ವ. ಕಿವ್ಯಾಗ ಟಿಕ್ ಅಂತೈತಿ, ಅದರ ಮ್ಯಾಲೇ ಕೈ ಬೀಳತೈತಿ."

ಕಿವಿಯೊಳಗೆ! ಅವರ ಕೈಯಿಂದ ಬಂದದ್ದನ್ನೆಲ್ಲ ಅಳೆದಿದ್ದೆ, ಕಿವಿಗೆ ಹೋಗುವುದನ್ನು ಅಳೆದಿರಲಿಲ್ಲ. ನೆಕ್‌ಬ್ಯಾಂಡನ್ನು ಮೈಕಿಗೆ ಒತ್ತಿ ಹಿಡಿದು ಕ್ಲಿಕ್ ಮುದ್ರಿಸಿದೆ. ಬ್ಲೂಟೂತ್ ಸದ್ದನ್ನು ಕಟ್ಟಿ, ಕಳಿಸಿ, ಬಿಚ್ಚುವುದಕ್ಕೆ ತೆಗೆದುಕೊಳ್ಳುತ್ತಿದ್ದ ಸಮಯ ೧೮೬ ಮಿಲಿಸೆಕೆಂಡ್. ತಡವಾಗಿ ಬಂದ ಲಯಕ್ಕೆ ಅವರು ಸರಿಯಾಗಿ ನುಡಿಸಿದ್ದರು.

ತಂತಿಯ ಸಣ್ಣ ಇಯರ್‌ಫೋನನ್ನು ರುಮಾಲಿನ ಅಂಚಿನೊಳಗೆ ಸಿಕ್ಕಿಸಿದೆವು. ಹೊಸ ಟೇಕಿನಲ್ಲಿ ಯಾವ ಹೊಡೆತವೂ ಎಂಟು ಮಿಲಿಸೆಕೆಂಡಿಗಿಂತ ಆಚೀಚೆ ಹೋಗಲಿಲ್ಲ. ಪುಟದಲ್ಲಿ ಅವರ ಹೆಸರು ಹೊಡೆದು ನನ್ನ ಹೆಸರು ಬರೆದೆ, ಅವರಿಗೂ ತೋರಿಸಿದೆ.

"ನಿಂದಾ ತಪ್ಪು? ಛಲೋ ಆತು ಬಿಡು. ರಾತ್ರಿಯೆಲ್ಲಾ ನನ್ನ ಕೈ ನಾನ ಬೈದೀನಿ."

ಮಧ್ಯಾಹ್ನ ಬಂದ ರೇಣುಕಪ್ಪ ಅಂಕಿಗಳನ್ನು ನೋಡಿದರು, ಹಾಡು ಕೇಳಿದರು. ಆದರೂ ಸೋಲೊಪ್ಪಲಿಲ್ಲ. "ಆ ಎಂಟೂ ಯಾಕ ಬಿಡ್ತೀರಿ? ಕಂಪ್ಯೂಟರಿನ್ಯಾಗ ಎಲ್ಲಾ ಹೊಡ್ತ ಲಯದ ಗೆರಿಗೆ ಕೂಡಿಸಿಬಿಡ್ರಿ. ಒಂದು ಬಟನ್ ಅಲ್ಲೇನು?"

"ಒಂದೇ ಬಟನ್ ರೀ. ಒತ್ತಂಗಿಲ್ಲ. ಆ ಎಂಟು ಹನುಮಂತಪ್ಪನವರದು."

ಅವರು ನನ್ನನ್ನೂ ಹನುಮಂತಪ್ಪನವರನ್ನೂ ನೋಡಿದರು. "ಇಬ್ರೂ ಒಂದಾಗೀರಿ," ಎಂದು ಗೊಣಗಿ ತಮ್ಮ ಕಂಚಿನ ತಾಳಗಳನ್ನು ಕೈಗೆತ್ತಿಕೊಂಡರು. ಉಳಿದ ಐದು ಹಾಡುಗಳಿಗೂ ಹನುಮಂತಪ್ಪನವರೇ ನುಡಿಸಿದರು.

ಆಮೇಲೆಯೂ ಹಲವರು ಬಂದು ಇನ್ನೊಬ್ಬರ ಕೈ ತಡ ಎಂದು ನನ್ನ ಕೋಣೆಯಲ್ಲಿ ದೂರಿದ್ದಾರೆ. ನುಡಿಸಿದವರ ಕಿವಿಗೆ ಲಯ ಎಷ್ಟು ಹೊತ್ತಿಗೆ ತಲುಪಿತೆಂದು ನಾನು ಮೊದಲು ಅಳೆಯುತ್ತೇನೆ. ಅಳತೆ ಮುಗಿಯುವವರೆಗೆ ಅವರನ್ನು ಜಾಗದಿಂದ ಏಳಿಸಲು ಯಾರಿಗೂ ಬಿಡುವುದಿಲ್ಲ.