ಕಲ್ಲಿನಿಂದ ಎದ್ದ ಹಬೆ

ನ್ಯಾಮತಿಯ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ರುದ್ರಾಣಿ ಒಮ್ಮೆ ಶಾಲೆಯ ಪ್ರವಾಸಕ್ಕೆಂದು ಮಂಗಳೂರಿಗೆ ಹೋದವಳು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಸಮುದ್ರದ ಮೀನೊಂದನ್ನು ಕಂಡು ಮರುಳಾಗಿ ಬಂದಳು. ಆಮೇಲೆ ದಾವಣಗೆರೆಯ ಮೀನಿನಂಗಡಿಯ ಪ್ರದೀಪನಿಂದ ಅಂಥದ್ದನ್ನೇ ತರಿಸಿ, ನಡುಮನೆಯ ಗಾಜಿನ ತೊಟ್ಟಿಯಲ್ಲಿ ಸಾಕತೊಡಗಿದಳು. ಶುದ್ಧ ನೀರಿಗೆ ಸಮುದ್ರದ ಉಪ್ಪು ಅಳೆದು ಬೆರೆಸುವುದು, ನೀರು ತಣ್ಣಗಾಗದಂತೆ ನೋಡಿಕೊಳ್ಳುವುದು, ಎಲ್ಲ ಅವಳದೇ. ಹಾರ್ಡ್‌ವೇರ್ ಅಂಗಡಿಯ ಗಂಡ ಮುರುಗೇಶಪ್ಪ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ತೊಟ್ಟಿಯೊಳಗೆ ಒಂದು ಹವಳದ ಕಲ್ಲಿತ್ತು. ಅದರ ಮೇಲೆ ಅಂಗಿ ಗುಂಡಿಗಳಂಥ ಕಂದು ಜೀವಿಗಳು ಬೆಳೆದು, ದಿನೇ ದಿನೇ ಹಬ್ಬುತ್ತಿದ್ದವು. ಮೀನಿಗೆ ಜಾಗ ಸಾಲದೆಂದು ರುದ್ರಾಣಿ ಒಂದು ಭಾನುವಾರ ಬೆಳಿಗ್ಗೆ ಆ ಕಲ್ಲನ್ನು ತೆಗೆದು ಅಡುಗೆಮನೆಯ ಸಿಂಕಿನಲ್ಲಿಟ್ಟಳು. ಕುದಿಯುವ ನೀರು ಸುರಿದು ಬ್ರಷ್ಷಿನಿಂದ ಉಜ್ಜಿದಳು. ಹಬೆ ಗಪ್ಪನೆ ಮುಖಕ್ಕೆ ಹೊಡೆಯಿತು. ಪಕ್ಕದಲ್ಲೇ ಅತ್ತೆ ಕಸ್ತೂರಮ್ಮ ರೊಟ್ಟಿ ತಟ್ಟುತ್ತಿದ್ದರು.

ಮಧ್ಯಾಹ್ನದೊಳಗೆ ರುದ್ರಾಣಿಯ ಬಾಯೆಲ್ಲ ಕಹಿಯಾಯಿತು. ಕೈಕಾಲು ಗಡಗಡ ನಡುಗಿದವು. ಹೊದಿಕೆ ತರಲು ಎದ್ದು ನೋಡಿದರೆ, ಕಸ್ತೂರಮ್ಮ ಗೋಡೆಗೊರಗಿ ಉಸಿರಿಗೆ ಒದ್ದಾಡುತ್ತಿದ್ದರು.

"ರುದ್ರಾಣಿ, ಉಸಿರಾಡಾಕೆ ಆಗವಲ್ದು ಕಣವ್ವಾ..."

ಅವಳ ಫೋನಿಗೆ ಅಂಗಡಿಯಿಂದ ಓಡಿಬಂದ ಮುರುಗೇಶಪ್ಪ ಇಬ್ಬರನ್ನೂ ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಸೇರಿಸಿದ. ಡಾಕ್ಟರು ಗ್ಯಾಸ್ ಸೋರಿತ್ತೇ, ಜಿರಳೆಗೆ ಔಷಧಿ ಹೊಡೆದಿದ್ದರೇ ಎಂದು ಕೇಳಿದರು. ಏನೂ ಇಲ್ಲ. ಆಗ ರುದ್ರಾಣಿಗೆ ಕಲ್ಲು ನೆನಪಾಯಿತು. ಕೂಡಲೇ ಪ್ರದೀಪನಿಗೆ ಫೋನು ಹಚ್ಚಿದಳು.

"ಅಯ್ಯೋ ಅಕ್ಕಾ, ಬಿಸಿನೀರು ಹಾಕಿದ್ರಾ? ಆ ಗುಂಡಿಯಂಥಾದ್ರಾಗೆ ವಿಷ ಇರ್ತತಿ ರೀ! ಹಬೇಲಿ ಎದ್ದು ಎದೆಗೆ ಹೋಗ್ತತಿ. ಮೊದ್ಲು ಡಾಕ್ಟರಿಗೆ ಫೋನ್ ಕೊಡ್ರಿ!"

ರುದ್ರಾಣಿ ಫೋನನ್ನು ಡಾಕ್ಟರ ಕೈಗಿತ್ತಳು. ಆ ಗುಂಡಿಗಳನ್ನು ಕಲ್ಲಿನ ಮೇಲಿನ ಹೂವೆಂದು ಎಷ್ಟೋ ಸಲ ಬರಿಗೈಯಲ್ಲಿ ಸವರಿದ್ದಳಲ್ಲ! ನನ್ನ ಕೈಯಾರೆ ಅತ್ತೆಗೆ ವಿಷ ಕುಡಿಸಿದೆನೇ ಎಂದುಕೊಂಡಳು.

ರುದ್ರಾಣಿ ಬೇಗ ಚೇತರಿಸಿಕೊಂಡಳು. ಕಸ್ತೂರಮ್ಮನ ಮೂಗಿನಿಂದ ಆಕ್ಸಿಜನ್ ನಳಿಗೆ ತೆಗೆಯಲು ಇನ್ನೂ ಕೆಲವು ದಿನ ಹಿಡಿಯಿತು. ಮಾತು ಬಂದ ಕೂಡಲೇ ಅವರು ಕೇಳಿದ್ದು, "ಮೀನು ಹೆಂಗೈತೆ?"

"ಆ ತೊಟ್ಟೀನ ಹೊರಗೆ ಹಾಕಿಸ್ತೀನಿ ಅತ್ತೆ."

"ಮೀನೇನು ಮಾಡೇತೆ? ಗೊತ್ತಿಲ್ದೆ ಆಗಿದ್ದು, ಬಿಡು."

ಮನೆಗೆ ಬಂದರೆ ಮೀನು ಚುರುಕಾಗಿ ಈಜುತ್ತಿತ್ತು. ಇಷ್ಟು ದಿನ ಅದಕ್ಕೆ ಮೇವು ಹಾಕಿದ್ದು ಮುರುಗೇಶಪ್ಪನೇ. ಪ್ರದೀಪ ಮಾಸ್ಕು, ಕೈಗವಸು ತೊಟ್ಟು ಬಂದು ಸಿಂಕಿನಲ್ಲಿದ್ದ ಆ ಕಲ್ಲನ್ನು ಮೊದಲೇ ಒಯ್ದಿದ್ದ.

ರುದ್ರಾಣಿ ಗಾಜಿನ ಹತ್ತಿರ ಹೋದಳು. ಮೀನು ಎಂದಿನಂತೆ ಎದುರಿಗೆ ಬಂದಿತು. ಕೈ ಚಾಚಿದವಳು ನೀರು ಮುಟ್ಟಲಾರದೆ ಹಿಂದಕ್ಕೆಳೆದುಕೊಂಡಳು.