ರಾಜವ್ವನ ಬಾವಿಯ ಅಡಿಯಲ್ಲಿ

ಹೊಸ ಊರಿಗೆ ಬಂದ ಮೊದಲ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ತಟ್ಟೆ ತಾನಾಗಿ ಗಡಗಡ ಅಲುಗಿತು, ಸೂರಿನಿಂದ ಮಣ್ಣು ಉದುರಿತು. ಎದ್ದು ಓಡಲು ಹೊರಟವನನ್ನು ಮನೆಯೊಡತಿ ರಾಜವ್ವ ತಡೆದಳು. "ಏಂ ಗಾದು ಬಿಡ್ಡಾ, ಕಿಂದ ಮನೋಳ್ಳು ಪನಿ ಚೇಸ್ತುನ್ರು." ಏನೂ ಆಗಲ್ಲ ಮಗಾ, ಕೆಳಗೆ ನಮ್ಮವರು ಕೆಲಸ ಮಾಡುತ್ತಿದ್ದಾರೆ ಎಂದರ್ಥ. ನಮ್ಮ ಶಿಡ್ಲಘಟ್ಟದಲ್ಲಿ ನೆಲ ಅಗೆಯುವುದು ನೀರಿಗೆ. ಇಲ್ಲಿ ನಾನು ಕುಳಿತ ಮಣೆಯ ಕೆಳಗೆ ಮನುಷ್ಯರು ಕಲ್ಲಿದ್ದಲು ಕಡಿಯುತ್ತಿದ್ದರು.

ಐವತ್ತರ ದಶಕ ಮುಗಿಯುತ್ತಿತ್ತು. ಗೋದಾವರಿ ಸೀಮೆಯ ಒಂದು ಗಣಿಯಲ್ಲಿ ಸುರಂಗಗಳ ನಕ್ಷೆ ಬರೆಯುವ ಕೆಲಸ ಸಿಕ್ಕಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡಿ ಬೆಳೆದವನಿಗೆ ಭಾಷೆಯ ಭಯವಿರಲಿಲ್ಲ. ಆದರೂ ಅಂಗಡಿಯಲ್ಲಿ ನಮ್ಮ ಕಡೆಯ ತೆಲುಗಿನಂತೆ ರಾಗಿಗೆ 'ರಾಗುಲು' ಎಂದು ಕೇಳಿದರೆ ಮುಖ ಮುಖ ನೋಡುತ್ತಿದ್ದರು. ಮೂರು ತಿಂಗಳು ಜೋಳದ ರೊಟ್ಟಿ ತಿಂದ ಮೇಲೆ ರಾಜವ್ವನ ಮಡಕೆಯೊಂದರಲ್ಲಿ ರಾಗಿ ಕಂಡೆ. ಅಲ್ಲಿ ಅದರ ಹೆಸರು 'ತೈದಲು'. ಹಿಟ್ಟು ಮಾಡಿಸಿ ನಾನೇ ಮುದ್ದೆ ಕಟ್ಟಿದೆ. ನುಂಗಬೇಕು ಎಂದು ಎಷ್ಟು ಹೇಳಿದರೂ ರಾಜವ್ವ ಅಗಿದೇ ತಿಂದಳು. ಗಣಿಯಲ್ಲಿ ಕಲ್ಲಿದ್ದಲು ಕಡಿಯುತ್ತಿದ್ದ ಅವಳ ಅಳಿಯ ಮಲ್ಲಯ್ಯ ಬಿದ್ದು ಬಿದ್ದು ನಕ್ಕ. ಅಂದಿನಿಂದ ನಾನು ಆ ಮನೆಯಲ್ಲಿ ಬಾಡಿಗೆಯವನಾಗಿರಲಿಲ್ಲ.

ಎರಡನೆಯ ಬೇಸಿಗೆಯಲ್ಲಿ ರಾಜವ್ವನ ಬಾವಿ ಬತ್ತಿತು. ಆಮೇಲೆ ಊರಿನ ಉಳಿದ ಬಾವಿಗಳೂ. ಸುರಂಗಕ್ಕೆ ಜಿನುಗಿದ ನೀರನ್ನೆಲ್ಲ ಗಣಿಯವರು ಪಂಪಿನಿಂದ ಎಳೆದು ಹಳ್ಳಕ್ಕೆ ಬಿಡುತ್ತಿದ್ದರು. ಆ ಕಪ್ಪು ನೀರನ್ನು ಎಮ್ಮೆಗಳೂ ಮೂಸುತ್ತಿರಲಿಲ್ಲ. ಊರಿನವರು ಕೋರ್ಟಿಗೆ ಹೋದರು. ಸುರಂಗ ಊರಿನ ಗಡಿ ದಾಟಿಯೇ ಇಲ್ಲ ಎಂದು ಗಣಿಯ ವಕೀಲರು ವಾದಿಸಿದರು.

ದಾಟಿತ್ತು. ನಕ್ಷೆಯಲ್ಲಿ ಆ ಗೆರೆ ಎಳೆದವನು ನಾನೇ.

ಊರಿನವರ ವಕೀಲರು ನನ್ನನ್ನೇ ಸಾಕ್ಷಿಗೆ ಕರೆದರು. ಗಣಿಯ ಮ್ಯಾನೇಜರು ನನ್ನನ್ನು ಕರೆಸಿ ಕೂರಿಸಿದರು. "ಸಾಕ್ಷಿ ಹೇಳುವ ಮುಂಚೆ ಯೋಚನೆ ಮಾಡಿ. ನಿಮ್ಮೂರಿನ ರೈಲು ಯಾವುದರಿಂದ ಓಡುತ್ತೆ?" ಆ ಮಾತು ಸುಳ್ಳಾಗಿರಲಿಲ್ಲ. ಇತ್ತ ರಾಜವ್ವ ಎರಡು ಮೈಲಿ ನಡೆದು ತಂದ ನೀರಿನಲ್ಲಿ ಮೊದಲ ಚೊಂಬು ನನಗೇ ಕೊಡುತ್ತಿದ್ದಳು. ಕಟಕಟೆಯಲ್ಲಿ ನಿಂತು ನಿಜ ಹೇಳಿದೆ.

ಅಗೆತಕ್ಕೆ ತಡೆಯಾಜ್ಞೆ ಬಂತು. ಊರಿನಲ್ಲಿ ಡೋಲು ಬಾರಿಸಿದರು. ಒಂದು ವಾರದೊಳಗೆ ಆ ಸುರಂಗದವರೆಲ್ಲರ ಕೆಲಸ ಹೋಯಿತು, ಮಲ್ಲಯ್ಯನದೂ. ಅವನು ಅಂಗಳದಲ್ಲಿ ನಿಂತು ನನ್ನನ್ನು ಒಂದೇ ಮಾತು ಕೇಳಿದ: "ಬಾವಿಗೆ ನೀರು ಬಂತಾ?" ಬಂದಿರಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೇರೆ ಗಣಿ ಹುಡುಕಿ ಹೊರಟುಹೋದ. ರಾಜವ್ವ ಒಬ್ಬಳೇ ಉಳಿದಳು. ನನ್ನನ್ನೂ ಕೆಲಸದಿಂದ ತೆಗೆದರು.

ಶಿಡ್ಲಘಟ್ಟಕ್ಕೆ ಮರಳಿದೆ. ಅಣ್ಣ ರೇಷ್ಮೆಗೂಡಿನ ವ್ಯಾಪಾರಿ. ಕಲ್ಲಿದ್ದಲು ಸಿಗದೆ ಸಣ್ಣ ರೈಲು ಎರಡು ದಿನ ಬಂದಿರಲಿಲ್ಲ. ಚಿಂತಾಮಣಿಯಿಂದ ತಡವಾಗಿ ಬಂದ ಗೂಡನ್ನು ತೂತು ಮಾಡಿಕೊಂಡು ಚಿಟ್ಟೆಗಳು ಹೊರಬಂದಿದ್ದವು. ನೂಲು ತೆಗೆಯಲು ಬಾರದ ಆ ಗೂಡನ್ನು ಅಣ್ಣ ನನ್ನ ಮುಂದೆ ಸುರಿದ.

"ಅಲ್ಲ ಕಣೋ, ಯಾವ್ದೋ ಊರಿನ ಬಾವಿಗೋಸ್ಕರ ಗಣಿ ನಿಲ್ಸಿ ಬಂದಿದೀಯಲ್ಲೋ. ಅವ್ರೇನು ನಮ್ಮೋರಾ?"

"ನಮ್ಮೋರೇ ಅಣ್ಣ."

"ಹಂಗಾದ್ರೆ ನಾವ್ಯಾರಪ್ಪ?"

ನಾನು ಬಗ್ಗಿ ಆ ಗೂಡುಗಳನ್ನು ಬುಟ್ಟಿಗೆ ತುಂಬತೊಡಗಿದೆ.

ಕೆಲವು ತಿಂಗಳಲ್ಲಿ ಮೇಲಿನ ಕೋರ್ಟು ತಡೆಯಾಜ್ಞೆ ತೆಗೆಯಿತೆಂದು ತಿಳಿಯಿತು. ದೇಶದ ಅಗತ್ಯ ದೊಡ್ಡದು, ಊರಿನವರು ಬೇರೆ ಕಡೆ ಹೋಗಲಿ ಎಂಬ ತೀರ್ಪು. ರಾಜವ್ವನಿಗೆ ಕಾಗದ ಬರೆದೆ. ಅದು ವಾಪಸು ಬಂತು. ಮೇಲೆ ಗೀಚಿದ್ದ ತೆಲುಗನ್ನು ನಮ್ಮ ಅಂಚೆಯವನೇ ಓದಿದ.

"'ಊರು ಲೇದು' ಅಂತ ಬರ್ದವ್ರೆ."

"ಊರಲ್ಲಿಲ್ಲ ಅಂತಿರ್ಬೇಕು, ಸರಿಯಾಗಿ ನೋಡಪ್ಪ."

ಅವನು ಇನ್ನೊಮ್ಮೆ ನೋಡಿದ. "ಇಲ್ಲ, ಊರೇ ಇಲ್ಲ ಅಂತ."

ಈಗ ಗೋದಾವರಿಗಿಂತಲೂ ಉತ್ತರದ ಒಂದು ಗಣಿಯಲ್ಲಿ ನಕ್ಷೆ ಬರೆಯುತ್ತಿದ್ದೇನೆ. ನನಗೆ ಬರುವ ಕೆಲಸ ಇದೊಂದೇ. ಇಲ್ಲಿನವರಿಗೆ ನಾನು ಮೈಸೂರು ಸೀಮೆಯವನು, ಶಿಡ್ಲಘಟ್ಟದವರಿಗೆ ಗಣಿಯವನು. ರೈಲು ಸರಿಯಾಗಿ ಬರುತ್ತಿದೆ ಎಂದು ಅಣ್ಣ ಬರೆಯುತ್ತಾನೆ. ಗೆರೆ ಎಳೆಯುವಾಗ ಅದರ ಮೇಲಿನ ನೆಲದಲ್ಲಿ ಯಾರಿದ್ದಾರೆ ಎಂದು ನಾನು ಯಾರನ್ನೂ ಕೇಳುವುದಿಲ್ಲ.