ಮಲ್ಲಾಜಮ್ಮನ ಕಿಟಕಿ

ನಮ್ಮಕ್ಕ ಮಲ್ಲಾಜಮ್ಮ ಗಂಡನ ಹತ್ತಿರ ಸೀರೆ ಕೇಳಿದವಳಲ್ಲ, ಓಲೆ ಕೇಳಿದವಳಲ್ಲ. ಒಂದು ಕಿಟಕಿ ಕೇಳಿದಳು. ಅದೂ ಅವಳ ಹಣೆಯಲ್ಲಿ ಬರೆದಿರಲಿಲ್ಲ. ಈ ಮಾತು ತೆಗೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಯಾರ ಮೇಲೆ ಅಂತ ಮಾತ್ರ ಈಗಲೇ ಕೇಳಬೇಡಿ.

ಹರದನಹಳ್ಳಿಯ ಆ ಮನೆಯನ್ನು ಭಾವ ಗುರುಸಿದ್ದಯ್ಯ ತನ್ನ ಕೈಯಾರೆ ಕಟ್ಟಿದ. ಕರಿಕಲ್ಲಿನ ಕ್ವಾರಿಯಲ್ಲಿ ಕಲ್ಲು ಸೀಳೋದು ಅವನ ಕೆಲಸ. ಸುತ್ತಿಗೆಯಲ್ಲಿ ಎರಡು ಸಲ ತಟ್ಟಿ ಸದ್ದು ಕೇಳಿ, ಇದು ಇಲ್ಲೇ ಸೀಳುತ್ತದೆ ಅಂತ ಹೇಳುವಷ್ಟು ಪಳಗಿದ ಕೈ. ಕ್ವಾರಿಯವರು ಬೇಡವೆಂದು ಎಸೆದ ಕಲ್ಲುಗಳನ್ನು ಎತ್ತಿನಗಾಡಿಯಲ್ಲಿ ತಂದು, ತಳಕ್ಕೆ ಕಲ್ಲುಚೂರು ತುಂಬಿ, ಮೇಲೆ ಚಪ್ಪಡಿ ಹಾಸಿ, ರಜಾ ದಿನವೆಲ್ಲ ದುಡಿದು ನಾಲ್ಕು ವರ್ಷದಲ್ಲಿ ಎಬ್ಬಿಸಿದ. ಅದರಲ್ಲೂ ಒಳಕೋಣೆಯ ಹಿಂದಿನ ಗೋಡೆ ಅಂದರೆ ಅವನಿಗೆ ಪ್ರಾಣ. ಕಲ್ಲಿಗೂ ಕಲ್ಲಿಗೂ ನಡುವೆ ಬ್ಲೇಡು ತೂರುವುದಿಲ್ಲ. ಬಂದ ನೆಂಟರಿಗೆ ನೀರು ಕೊಡುವ ಮುಂಚೆ ಆ ಗೋಡೆ ತೋರಿಸೋನು. ಕೋಣೆಯ ನೆತ್ತಿಗೂ ಚಪ್ಪಡಿಯದೇ ಅಟ್ಟ. ಇದ್ದ ಒಂದೇ ಬಾಗಿಲು ನಡುಮನೆಗೆ. ಇನ್ನು ಗಾಳಿ ಎಲ್ಲಿಂದ ಬರಬೇಕು?

ಅಕ್ಕ ಮದುವೆ ಮನೆಗಳಿಗೆ ಮುತ್ತುಗದ ಊಟದೆಲೆ ಹಚ್ಚಿ ಕೊಡೋಳು. ಹೊರಗೆ ಕೂತರೆ ಎಲೆ ಹಾರುತ್ತದೆ, ಒಣಗಿ ಮುರಿಯುತ್ತದೆ. ಹಾಗಾಗಿ ಬೆಳಗ್ಗೆ ಹಿಟ್ಟು ಬೇಯಿಸಿಟ್ಟು ಆ ಕೋಣೆ ಹೊಕ್ಕರೆ, ಸಂಜೆಯವರೆಗೂ ಬಲ್ಬಿನ ಬೆಳಕಲ್ಲಿ ಕಡ್ಡಿ ಚುಚ್ಚುತ್ತಾ ಕೂತಿರೋಳು. ಮಲಗೋದೂ ಅಲ್ಲೇ. ಉಸಿರು ಕಟ್ಟುತ್ತದೆ, ಒಂದು ಮೊಳದ ಕಿಟಕಿ ಇಡಿ ಅಂತ ಮನೆ ಹೊಕ್ಕ ವರ್ಷದಿಂದ ಕೇಳುತ್ತಲೇ ಇದ್ದಳು. ಗೋಡೆಗೆ ತೂತು ಕೊರೆದರೆ ಗೋಡೆಯೇ ಸತ್ತಂತೆ ಅನ್ನೋನು ಭಾವ. ಅಲ್ಲಿಗೆ ಮಾತು ಮುಗಿಯೋದು.

ತೊಂಬತ್ತಮೂರರಲ್ಲಿ ನಾನು ಚಂದಕವಾಡಿಯ ಅಂಗನವಾಡಿಯಲ್ಲಿದ್ದೆ. ಮೈಸೂರಿನಿಂದ ಒಬ್ಬ ಮೇಡಂ ಬಂದರು. ಮನೆಯೊಳಗಿನ ಗಾಳಿ ಅಳೆಯೋದು ಅವರ ಓದು. ಜನಕ್ಕೆ ಗೊತ್ತಿರೋ ಹೆಂಗಸು ಜೊತೆಗಿರಲಿ ಅಂತ ನಮ್ಮ ಸೂಪರ್‌ವೈಸರ್ ನನ್ನನ್ನು ಅವರಿಗೆ ಗಂಟು ಹಾಕಿದರು. ಹನ್ನೆರಡು ಮನೆ ಆರಿಸಬೇಕಿತ್ತು. ಬೇಕಂತಲೇ ಅಕ್ಕನ ಮನೆಯನ್ನೂ ಸೇರಿಸಿದೆ.

ಮೇಡಂ ಬಿಡಿಸಿ ಹೇಳಿದರು. ನೆಲದೊಳಗಿನ ಮಣ್ಣು ಕಲ್ಲಿನಿಂದ ರೇಡಾನ್ ಅಂತ ಒಂದು ಅನಿಲ ತಾನಾಗಿ ಹುಟ್ಟುತ್ತದಂತೆ. ವಾಸನೆಯಿಲ್ಲ, ಬಣ್ಣವಿಲ್ಲ. ನೆಲದ ಸಂದಿನಿಂದ ಮೇಲೇರುತ್ತದೆ. ಗಾಳಿಯಾಡುವ ಮನೆಯಾದರೆ ಹೊರಟುಹೋಗುತ್ತದೆ, ಮುಚ್ಚಿದ ಕೋಣೆಯಾದರೆ ಅಲ್ಲೇ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಅದನ್ನೇ ಉಸಿರಾಡಿದರೆ ಶ್ವಾಸಕೋಶಕ್ಕೆ ಕೆಡುಕು. ಅಕ್ಕನ ಕೋಣೆಯಲ್ಲಿ ಟಾರ್ಚು ಬಿಟ್ಟು ಚಪ್ಪಡಿಯ ಸಂದುಗಳನ್ನೆಲ್ಲ ನೋಡಿದರು. ಅಳೆಯದೆ ಏನೂ ಹೇಳುವ ಹಾಗಿಲ್ಲ, ಜಾಸ್ತಿ ಅಂತ ಬಂದರೆ ಸಂದಿಗೆ ಸಿಮೆಂಟು ತುಂಬಿ, ಬಾಗಿಲಿಗೆ ಎದುರಾಗಿ ಒಂದು ಕಿಟಕಿ ತೆಗೆಯಿರಿ ಅಂದರು. ಆಮೇಲೆ ಒಳಗಡೆ ಫಿಲ್ಮಿನ ಚೂರು ಅಂಟಿಸಿದ ಪ್ಲಾಸ್ಟಿಕ್ ಬಟ್ಟಲೊಂದನ್ನು ಅಟ್ಟದ ಕೊಕ್ಕೆಗೆ ಕಟ್ಟಿದರು. ಮೂರು ತಿಂಗಳು ಯಾರೂ ಕೈಯಾಡಿಸಬಾರದು.

ಕಿಟಕಿ ಅಂದದ್ದೇ ತಡ, ಅಕ್ಕನ ಮುಖ ಅರಳಿತು. ಭಾವ ಗೋಡೆಗೆ ಒರಗಿ ನಿಂತಿದ್ದವನು ನಮ್ಮೆಲ್ಲರ ಎದುರಿಗೇ ಮಾತು ಕೊಟ್ಟ. "ಕಾಗ್ದ ಬರ್ಲಿ. ಕೆಟ್ಟದಾಗದೆ ಅಂತ ಅದ್ರಲ್ಲಿ ಬಂದ್ರ ನಾನೇ ಉಳಿ ಇಡ್ದು ಗೋಡೆ ತೆಗೀತೀನಿ. ಬರ್ನಿಲ್ಲ ಅಂದ್ರ, ಇನ್ನು ಇವ್ಳು ಕಿಟ್ಕಿ ಅಂತ ಬಾಯಿ ಬುಡಕೂಡ್ದು." ಅಕ್ಕ ಒಪ್ಪಿಕೊಂಡಳು. ಹೀಗೆ ಅವಳ ಕಿಟಕಿ ಆ ಬಟ್ಟಲಿನ ಪಾಲಾಯಿತು.

ಮೇಡಂ ಜೀಪು ಹತ್ತಿದ ಮೇಲೆ ಅಕ್ಕ ಮೆಲ್ಲಗೆ ನನ್ನ ಸೆರಗು ಹಿಡಿದು, ಅದು ಏನು ಮಾಡುತ್ತದೆ ಅಂತ ಕೇಳಿದಳು. ನಾನು ದೊಡ್ಡ ಮೇಷ್ಟ್ರಮ್ಮ ನೋಡಿ. "ನಿನ್ ಕೋಣೆ ವಿಸಾನೆಲ್ಲ ಆ ಬಟ್ಲು ಇಡ್ಕತದೆ ಕಣಕ್ಕ" ಅಂದುಬಿಟ್ಟೆ. ಅದು ಬರೀ ಗುರುತು ಮಾಡುವ ವಸ್ತು, ಹಿಡಿಯೋದಲ್ಲ ಅಂತ ಇನ್ನೊಂದು ಮಾತು ಹೇಳಿದ್ದರೆ ನನ್ನ ನಾಲಗೆ ಸವೆಯುತ್ತಿರಲಿಲ್ಲ.

ಬಟ್ಟಲು ಕಟ್ಟಿ ಒಂಬತ್ತು ದಿನವಾಗಿತ್ತು. ಗುಂಡ್ಲುಪೇಟೆ ಕಡೆ ಹಂಗಳಕ್ಕೆ ಕೊಟ್ಟಿದ್ದ ಮಗಳು ನೀಲಾವತಿ ಚೊಚ್ಚಲ ಬಾಣಂತನಕ್ಕೆ ಬಂದಳು. ನಮ್ಮಲ್ಲಿ ಬಾಣಂತಿಗೆ ಗಾಳಿ ಸೋಕಬಾರದು, ಒಳಕೋಣೆಯೇ ಆಗಬೇಕು. ಮಗು ಹುಟ್ಟಿತು. ಬಾಗಿಲ ಸಂದಿಗೂ ಹಳೇ ಸೀರೆ ತುರುಕಿದರು. ಹಸುಗೂಸಿನ ನೆತ್ತಿಯ ಮೇಲೆ ವಿಷ ಹಿಡಿದುಕೊಂಡ ಬಟ್ಟಲು ತೂಗುತ್ತಿದ್ದರೆ ಯಾವ ಅಜ್ಜಿ ಸುಮ್ಮನಿದ್ದಾಳು? ಅಕ್ಕ ಅದನ್ನು ಬಿಚ್ಚಿ, ಮುಟ್ಟಲು ಹೆದರಿ ಸೆರಗಿನಲ್ಲಿ ಹಿಡಿದು ಹೊರಗೆ ತಂದು ಕೊಟ್ಟಿಗೆಯ ಸೂರಿಗೆ ಕಟ್ಟಿದಳು. ಸುತ್ತಲೂ ಬಯಲು, ಗಾಳಿ ರೊಯ್ಯೋ ಅನ್ನುವ ಜಾಗ. ಮೇಡಂ ಬರುವ ದಿನ ಬೆಳಗ್ಗೆ, ಅವರು ಕಟ್ಟಿದ ಕಡೆಯೇ ಇರಲಿ ಅನ್ನುವ ಮರ್ಯಾದೆಗೆ ಒರೆಸಿ ಮತ್ತೆ ಒಳಗೆ ನೇತುಹಾಕಿದಳು. ಇದೊಂದೂ ನನಗೆ ಗೊತ್ತಿರಲಿಲ್ಲ. ಎಷ್ಟು ಜೋಪಾನ ಮಾಡಿದ್ದೀರಿ ಅಂತ ಮೇಡಂ ಹೊಗಳಿ ಒಯ್ದರು.

ಎರಡು ತಿಂಗಳಿಗೆ ಕಾಗದ ಬಂತು. ನಾನೇ ಓದಿದೆ. ಹನ್ನೆರಡು ಮನೆಯಲ್ಲಿ ಅತಿ ಕಡಿಮೆ ಇರೋದು ಗುರುಸಿದ್ದಯ್ಯನವರ ಮನೆಯಲ್ಲಿ, ಯಾವ ಬದಲಾವಣೆಯೂ ಬೇಕಿಲ್ಲ ಅಂತ ಬರೆದಿತ್ತು. ಭಾವನ ಖುಷಿ ಕೇಳಬೇಡಿ. ಚಾಮರಾಜನಗರಕ್ಕೆ ಹೋಗಿ ಅದಕ್ಕೆ ಕಟ್ಟು ಹಾಕಿಸಿ ತಂದು, ಬಟ್ಟಲು ತೂಗುತ್ತಿದ್ದ ಕೊಕ್ಕೆಗೇ ಸಿಕ್ಕಿಸಿದ.

ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದಳು. "ಅಲ್ಲ ಕಣಮ್ಮಿ ನಿಂಗಿ, ಅದ್ನ ನಾನು ಕೊಟ್ಗೆ ಸೂರ್ಗೆ ಕಟ್ಟಿದ್ನಲ್ಲ. ಅದ್ಕೆ ಇಂಗಾಯ್ತಾ?" ಬಾಯಿಗೆ ಬಂದಂತೆ ಬೈದೆ. ಬೈದದ್ದೂ ಅವಳನ್ನೇ, ನನ್ನನ್ನಲ್ಲ. ಅವಳು ಅಳಲಿಲ್ಲ. ಮೇಡಂಗೆ ಬರೆದು ಇನ್ನೊಂದು ಬಟ್ಟಲು ತರಿಸೋಕೆ ಆಗುತ್ತದಾ ಅಂತಷ್ಟೇ ಕೇಳಿದಳು. ಆಗಲಿ, ಬರೀತೀನಿ ಅಂದೆ.

ಬರೆಯಲಿಲ್ಲ. ಒಂದು ಕಾರ್ಡು, ನಾಲ್ಕು ಸಾಲು. ನನ್ನ ಕೆಲಸ ಚೆನ್ನಾಗಿತ್ತು ಅಂತ ಮೇಡಂ ಆಗಲೇ ಸೂಪರ್‌ವೈಸರ್‌ಗೆ ಬರೆದಿದ್ದರು, ಅವರು ಅದನ್ನು ಮೀಟಿಂಗಿನಲ್ಲಿ ಎಲ್ಲರೆದುರು ಓದಿದ್ದರು. ನಮ್ಮಕ್ಕನ ಮನೆಯಲ್ಲೇ ಹೀಗಾಯಿತು ಅಂತ ಯಾವ ಮುಖದಲ್ಲಿ ಬರೆಯಲಿ? ನಾಳೆ, ನಾಡಿದ್ದು ಅಂತ ತಳ್ಳಿದೆ. ಬರೆದೆಯಾ ಅಂತ ಅಕ್ಕ ಎರಡು ಸಲ ಕೇಳಿದಳು. ಬರೆದೆ, ಉತ್ತರ ಬಂದಿಲ್ಲ ಅಂದೆ. ಮೂರನೇ ಸಲ ಕೇಳಲಿಲ್ಲ. ನನ್ನ ಸುಳ್ಳು ಅವಳಿಗೆ ತಿಳಿದಿತ್ತೇನೋ. ಭಾವನಿಗೆ ಮಾತು ಕೊಟ್ಟಿದ್ದಳಲ್ಲ, ಅವನೆದುರು ಆಮೇಲೆ ಕಿಟಕಿ ಅಂತ ಒಂದು ದಿನವೂ ಅನ್ನಲಿಲ್ಲ.

ಆದರೂ ಮೇಡಂ ಹೇಳಿದ್ದು ಅವಳ ತಲೆಯಿಂದ ಹೋಗಲಿಲ್ಲ. ಸೋಮವಾರ ಸೋಮವಾರ ಕೆಂಪುಮಣ್ಣು, ಸಗಣಿ ಕಲಸಿಕೊಂಡು ಕೋಣೆಯ ಚಪ್ಪಡಿ ಸಂದುಗಳಿಗೆ ಬೆರಳಲ್ಲಿ ಒತ್ತಿ ಒತ್ತಿ ತುಂಬೋಳು. ವಾರದೊಳಗೆ ಒಣಗಿ ಬಿರುಕು ಬಿಡೋದು. ಮತ್ತೆ ತುಂಬೋಳು. ಎಲೆ ಹಾರಿದರೂ ಸರಿ ಅಂತ ಬಾಗಿಲಿಗೆ ಗುಂಡುಕಲ್ಲು ಕೊಟ್ಟು ತೆರೆದಿಡೋಳು. ಕಾಗದದಲ್ಲೇ ಬರೆದ ಮೇಲೂ ಇವಳದೊಂದು ಗೋಳು ಅಂತ ಭಾವ ನಗೋನು. ನಾನೂ ಒಂದೆರಡು ಸಲ ಜೊತೆಗೆ ನಕ್ಕಿದ್ದೇನೆ. ಥೂ ನನ್ನ ಜನ್ಮಕ್ಕೆ.

ತೊಂಬತ್ತೇಳರಲ್ಲಿ, ನಮ್ಮ ಚಾಮರಾಜನಗರ ಬೇರೆ ಜಿಲ್ಲೆಯಾದ ವರ್ಷ, ಅವಳಿಗೆ ಕೆಮ್ಮು ಹತ್ತಿತು. ಮೈಸೂರಿನ ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದು ಶ್ವಾಸಕೋಶದಲ್ಲಿ ಗಡ್ಡೆ, ತಡವಾಯಿತು ಅಂದರು. ಯಾತರಿಂದ ಬಂತು ಅಂತ ಕೇಳಿದೆ. ಒಲೆಯ ಹೊಗೆಯೂ ಇರಬಹುದು, ಗಂಡನ ಬಟ್ಟೆಯ ಕಲ್ಲುಧೂಳೂ ಇರಬಹುದು, ಇಂಥದ್ದೇ ಅನ್ನೋಕಾಗಲ್ಲ ಅಂದರು ಡಾಕ್ಟರು. ನಾನೂ ಅನ್ನೋದಿಲ್ಲ. ಆದರೆ ಉಸಿರಿಗೆ ಒದ್ದಾಡಿದ ಆ ಐದು ತಿಂಗಳೂ ಅವಳು ಮಲಗಿದ್ದು ಅದೇ ಕೋಣೆಯಲ್ಲಿ, ಅದೇ ಗೋಡೆಗೆ ಮುಖಮಾಡಿ.

ಒಂದು ಶುಕ್ರವಾರ ಮಧ್ಯಾಹ್ನ ಹೋದಳು. ಊರಿನ ಪುಟ್ಟಬಸಪ್ಪ ಪಂಚಾಂಗ ನೋಡಿ, ನಕ್ಷತ್ರ ಸರಿಯಿಲ್ಲ, ಹೆಣವನ್ನು ಬಾಗಿಲಲ್ಲಿ ತಂದರೆ ಮನೆಗೆ ಕೇಡು, ಗೋಡೆ ಒಡೆದು ತನ್ನಿ ಅಂದ. ನಮ್ಮ ಕಡೆ ಅದು ನಡೆದು ಬಂದ ಪದ್ಧತಿ, ಯಾರೂ ಎದುರಾಡಲಿಲ್ಲ. ಭಾವ ಎದ್ದ. ಬೇರೆಯವರ ಕೈಗೆ ಉಳಿ ಕೊಡಲಿಲ್ಲ. ಆ ಗೋಡೆ ತೆಗೆಯೋಕೆ ಅರ್ಧ ಗಂಟೆ ಹಿಡಿಯಿತು, ಅಷ್ಟೇ. ಮೊದಲ ಕಲ್ಲು ಆಚೆ ಬಿದ್ದದ್ದೇ ತಂಗಾಳಿ ಒಳಗೆ ನುಗ್ಗಿ ಅಕ್ಕನ ಮುಖದ ಮೇಲಿನ ಬಟ್ಟೆ ಅಲುಗಿತು. ಬಿಸಿಲು ನೆಲಕ್ಕೆ ಬಿತ್ತು. ಚಪ್ಪಡಿ ಸಂದಿನ ಉದ್ದಕ್ಕೂ ಒಣಗಿದ ಮಣ್ಣಿನಲ್ಲಿ ಅವಳ ಬೆರಳಿನ ಗುರುತುಗಳು ಸಾಲಾಗಿ ಕಂಡವು.

ಮಣ್ಣು ಮಾಡಿ ಬಂದ ಕೂಡಲೇ ಆ ಕಿಂಡಿ ಮುಚ್ಚಬೇಕು, ಅದೂ ಪದ್ಧತಿಯೇ. ಭಾವ ಕಲ್ಲು ಜೋಡಿಸುತ್ತಿದ್ದ, ನಾನು ಗಾರೆ ಕಲಸುತ್ತಿದ್ದೆ. ಅರ್ಧಕ್ಕೆ ನಿಲ್ಲಿಸಿ, ಕೊಕ್ಕೆಯಲ್ಲಿದ್ದ ಕಾಗದದ ಕಡೆ ನೋಡಿ, ಅದರಲ್ಲಿ ಎಲ್ಲ ಸರಿಯಾಗಿದೆ ಅಂತ ಬರೆದಿತ್ತಲ್ಲ ಅಂದ. ಆಗ ಬಾಯಿ ಬಿಟ್ಟೆ. ಕೊಟ್ಟಿಗೆಯ ಸೂರು, ಬರೆಯದ ಕಾರ್ಡು, ಹೇಳಿದ ಸುಳ್ಳು, ಒಂದನ್ನೂ ಬಿಡದೆ ಹೇಳಿದೆ.

ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ.

"ಅವತ್ತೇ ಏಳ್ಬಾರ್ದಾಗಿತ್ತಾ ನಿಂಗಿ," ಅಂದ. "ನಾನು ಮಾತ್ ಕೊಟ್ಟಿದ್ದಿ. ತೆಗೀತಿದ್ದಿ ಕಣಮ್ಮಿ."

ತೆಗೆಯುತ್ತಿದ್ದ. ಅದು ನನಗೆ ಗೊತ್ತು. ಆಮೇಲೆ ಅವನು ಕೈ ಚಾಚಿದ, ನಾನು ಗಾರೆಯ ಬಾಣಲಿ ಎತ್ತಿ ಕೊಟ್ಟೆ.